ಕುದುರೆಗೆ ನಾನು ಉಪ್ಪು ಕೊಟ್ಟ ಪ್ರಸಂಗ

ಕುದುರೆ ಸಾಕುವುದು ಕಷ್ಟವೇ ಇರಬಹುದು. ಆದರೆ ಬೇರೆಯವರ ಕುದುರೆಯನ್ನು ಒಂದು ವಾರ ನೋಡಿಕೊಳ್ಳುವುದು ಏನೇನೂ ಕಷ್ಟವಲ್ಲ ಎಂಬುದು ಆ ಡಿಸೆಂಬರ್ ತಿಂಗಳವರೆಗೆ ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಕುದುರೆಗಳು ನನ್ನ ಹೆಂಡತಿ ಸುಜಾತಳ ತಮ್ಮ ಶಿವರಾಮನವು. ಅವರದು ಬ್ಯಾಡರಹಳ್ಳಿಯ ಹಳೆಯ ಒಕ್ಕಲು ಮನೆತನ. ಮಾಗಡಿ ರಸ್ತೆಯ ಆಸುಪಾಸಿನ ಹೊಲಗಳೆಲ್ಲ ಒಂದೊಂದಾಗಿ ಸೈಟುಗಳಾದ ಆ ವರ್ಷಗಳಲ್ಲಿ ಊರಿನವರೆಲ್ಲ ದೊಡ್ಡ ದೊಡ್ಡ ಕಾರು ಕೊಂಡರೆ ಇವನು ಎರಡು ಕುದುರೆ ಕೊಂಡ. ಒಂದು ಬಿಳಿ ಹೆಣ್ಣು, ಇನ್ನೊಂದು ಕಂದು ಗಂಡು. ಸವಾರಿಗೂ ಅಲ್ಲ, ಮದುವೆ ಮೆರವಣಿಗೆಗೂ ಅಲ್ಲ, ಸುಮ್ಮನೆ ನೋಡುವುದಕ್ಕೆ. ಮಾರದೆ ಉಳಿಸಿಕೊಂಡಿದ್ದ ಒಂದು ತುಂಡು ಜಮೀನಿಗೆ ಕಲ್ಲುಕಂಬ ನೆಟ್ಟು ಬೇಲಿ ಹಾಕಿಸಿ, ಅದರೊಳಗೆ ಹಗಲೂ ರಾತ್ರಿ ಮೇಯಲು ಬಿಟ್ಟಿದ್ದ.

ಆ ಮನೆಯಲ್ಲಿ ನನ್ನ ಸ್ಥಾನಮಾನದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಕೆಲಸಕ್ಕೆ. ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ನಾನು ಪಂಚೆ ಎತ್ತಿ ಕಟ್ಟಿಕೊಂಡು ಎದ್ದರೆ ಸಾಕು, ಯಾರಾದರೊಬ್ಬರು ಓಡಿ ಬಂದು ಭುಜ ಹಿಡಿದು ಮತ್ತೆ ಕೂರಿಸುತ್ತಿದ್ದರು. ಹೊಸದರಲ್ಲಿ ಅದು ಉಪಚಾರ ಅಂದುಕೊಂಡಿದ್ದೆ. ಇವರ ಕೈಯಲ್ಲಿ ಏನೂ ಆಗುವುದಿಲ್ಲ ಎಂಬ ನಂಬಿಕೆ ಅದರ ಹಿಂದೆ ಇದೆ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ತಿಳಿದ ಮೇಲೆ ಬೇಜಾರಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಹೀಗಿರುವಾಗ ಶಿವರಾಮ ಮನೆಮಂದಿಯನ್ನೆಲ್ಲ ಕರೆದುಕೊಂಡು ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೊರಟ. ಅಲ್ಲಿಂದ ನಂಜನಗೂಡು, ಮೈಸೂರು ಸುತ್ತಿ ಬರುವುದು ಎಂದು ಏರ್ಪಾಡು. ಕುದುರೆ ನೋಡಿಕೊಳ್ಳುವ ಆಳೂ ರಜೆ ಹಾಕಿದ್ದ. ಬೇರೆ ಯಾರೂ ಸಿಗದೆ ಅವನು ನನ್ನ ಬಳಿ ಬಂದ.

"ಭಾವ, ತೊಟ್ಟಿಗೆ ನೀರು ಬಿಡಿ, ಸಾಕು. ಹುಲ್ಲು ಅವೇ ಮೇಯ್ಕೋತವೆ. ಇನ್ನೇನೂ ಮಾಡ್ಬೇಡಿ."

ಕೊನೆಯ ಮಾತನ್ನು ಅವನು ಸ್ವಲ್ಪ ಒತ್ತಿಯೇ ಹೇಳಿದ. ಪಾಪ, ಭಾವನಿಗೆ ಹೆಚ್ಚು ತೊಂದರೆ ಕೊಡಬಾರದೆಂಬ ಸಂಕೋಚ ಇರಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಅಂತೂ ಆ ಮನೆಯವರು ನನ್ನನ್ನು ನಂಬಿ ಒಂದು ಕೆಲಸ ಒಪ್ಪಿಸಿದ್ದರು. ಅದನ್ನು ಹೇಳಿದ್ದಕ್ಕಿಂತ ಒಂದು ಕೈ ಮೇಲಾಗಿ ಮಾಡಿ ತೋರಿಸಬೇಕೆಂದು ಅಲ್ಲೇ ನಿರ್ಧರಿಸಿದೆ.

ಮೊದಲ ದಿನ ಬಸವೇಶ್ವರನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ತೊಟ್ಟಿ ತುಂಬಿಸಿದೆ. ಬೇಲಿಗೆ ಅಂಟಿಕೊಂಡಂತೆ ಪುಟ್ಟಸ್ವಾಮಿ ಎಂಬುವರು ಮನೆ ಕಟ್ಟಿಸುತ್ತಿದ್ದರು. ಕೆಲಸ ಮುಗಿಯುವವರೆಗೆ ಹೆಂಡತಿ ಗೌರಮ್ಮನೊಂದಿಗೆ ಅಲ್ಲೇ ಶೆಡ್ಡಿನಲ್ಲಿ ವಾಸ. ಅವರು ನನ್ನನ್ನು ಕರೆದು, ಕುದುರೆ ನಮ್ಮ ಗೋಡೆ ನೆಕ್ಕುತ್ತಿದೆಯಲ್ಲ ಸಾರ್ ಎಂದು ತೋರಿಸಿದರು. ನಿಜ. ಹೊಸ ಗೋಡೆಯ ಬುಡದಲ್ಲಿ ಬೆಳ್ಳಗೆ ಉಪ್ಪು ಒಸರಿ ಎದ್ದಿತ್ತು. ಬಿಳಿ ಕುದುರೆ ಬೇಲಿಯ ಸಂದಿಯಲ್ಲಿ ಕತ್ತು ತೂರಿಸಿ ಅದನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು.

ಬೇರೆಯವರಾಗಿದ್ದರೆ ಕುದುರೆಯನ್ನು ಅಟ್ಟಿ ಸುಮ್ಮನಾಗುತ್ತಿದ್ದರು. ನಾನು ಸೀದಾ ಸೈಬರ್ ಸೆಂಟರಿಗೆ ಹೋದೆ. ಅಲ್ಲಿ ಸಿಕ್ಕಿದ ಲೇಖನ ನನ್ನ ಅನುಮಾನವನ್ನು ಎತ್ತಿ ಹಿಡಿಯಿತು. ಬಯಲಿನಲ್ಲಿ ಮೇಯುವ ಕುದುರೆಗೆ ಬರೀ ಹುಲ್ಲಿನಿಂದ ಬೇಕಾದಷ್ಟು ಉಪ್ಪು ಸಿಗುವುದಿಲ್ಲ, ನೆಕ್ಕಲು ಉಪ್ಪು ಇಡಬೇಕು. ಒಂದೇ ಕಡೆ ಇಟ್ಟರೆ ಜೋರಿನ ಕುದುರೆ ಇನ್ನೊಂದನ್ನು ಹತ್ತಿರ ಬಿಡುವುದಿಲ್ಲ, ಆದ್ದರಿಂದ ಬೇರೆ ಬೇರೆ ಕಡೆ ಇಡಬೇಕು. ಎಷ್ಟು ಶಾಸ್ತ್ರೀಯ!

ನೆಕ್ಕಿಸುವ ಉಪ್ಪಿನ ಗಡ್ಡೆ ಬೂಸಾ ಅಂಗಡಿಯಲ್ಲಿ ಇರಲಿಲ್ಲ. ಹರಳುಪ್ಪು ತಂದೆ. ನೆಲದ ಮೇಲೆ ಸುರಿದರೆ ಇಬ್ಬನಿಗೆ ಕರಗಿ ಮಣ್ಣುಪಾಲಾಗುತ್ತದೆಂದು ನಾಲ್ಕು ಹೊಸ ಮಡಕೆ ತಂದೆ. ಬರೀ ಉಪ್ಪಿನ ಹತ್ತಿರ ಕುದುರೆ ಬರುತ್ತದೋ ಇಲ್ಲವೋ ಎಂದು ರುಚಿಗೆ ಒಂದೊಂದು ಉಂಡೆ ಬೆಲ್ಲ ಇಡುವುದೆಂದು ಯೋಚಿಸಿದೆ. ಬೆಲ್ಲ ಇದ್ದಲ್ಲಿ ಇರುವೆ ಬಂದೇ ಬರುತ್ತದೆ. ಇರುವೆಗೆ ನಮ್ಮ ಮನೆಯಲ್ಲಿ ಅರಿಶಿನ ಚೆಲ್ಲುತ್ತೇವೆ, ಹಾಗಾಗಿ ಅರಿಶಿನದ ಡಬ್ಬಿಯನ್ನೂ ಎತ್ತಿಕೊಂಡೆ. ಮೊಣಕಾಲುದ್ದದ ಹುಲ್ಲಿನಲ್ಲಿ ಮಡಕೆ ಕಾಣಬೇಕಲ್ಲ? ಬೀರುವಿನಲ್ಲಿದ್ದ ಒಂದು ಕೆಂಪು ರವಿಕೆ ಬಟ್ಟೆಯನ್ನು ಹರಿದು ನಾಲ್ಕು ಕೋಲಿಗೆ ಕಟ್ಟಿದೆ.

ಸುಜಾತ ಅಡುಗೆಮನೆಯಿಂದಲೇ ಕೇಳಿದಳು. "ಏನ್ರೀ ಅದು ಸದ್ದು? ಶಿವು ಏನೂ ಮಾಡ್ಬೇಡಿ ಅಂದಿದ್ನಲ್ಲ?"

"ಗೊತ್ತಿಲ್ದೆ ಹೇಳಿದಾನೆ ಕಣೇ. ನೋಡ್ತಿರು, ವಾಪಸ್ ಬಂದ್ಮೇಲೆ ಅವನೇ ಹೊಗಳ್ತಾನೆ," ಎಂದೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮಂಕಿ ಕ್ಯಾಪ್ ಹಾಕಿಕೊಂಡು, ಶಾಲು ಹೊದ್ದು ಜಮೀನಿನಲ್ಲಿದ್ದೆ. ನಾಲ್ಕು ಮೂಲೆಗೆ ನಾಲ್ಕು ಮಡಕೆ. ಒಳಗೆ ಉಪ್ಪು, ಮೇಲೆ ಬೆಲ್ಲ. ಸುತ್ತಲೂ ಅರಿಶಿನದ ಗೆರೆ ಎಳೆದು, ಉಳಿದದ್ದನ್ನು ಬೆಲ್ಲದ ಮೇಲೂ ಉದುರಿಸಿದೆ. ಪಕ್ಕದಲ್ಲಿ ಕೆಂಪು ಬಾವುಟ. ಕುದುರೆಗಳು ಹತ್ತಿರ ಬರಲೆಂದು ನಾಲಿಗೆ ಲೊಟಕರಿಸುತ್ತಾ, ಬಾ ಬಾ ಎನ್ನುತ್ತಾ ಜಮೀನನ್ನು ಒಂದು ಸುತ್ತು ಹಾಕಿದೆ. ಅವು ಬರಲಿಲ್ಲ. ಆಮೇಲೆ ಬರುತ್ತವೆ ಎಂದು ಮನೆಗೆ ಬಂದು ಇಡ್ಲಿ ತಿಂದೆ.

ಆ ಭಾನುವಾರವೇ ಅಮಾವಾಸ್ಯೆ. ಶಿವರಾಮ ಬೆಟ್ಟಕ್ಕೆ ಹೋದದ್ದೇ ಅದಕ್ಕೆ, ಅದು ನನಗೂ ಗೊತ್ತಿತ್ತು. ಆದರೆ ಅಮಾವಾಸ್ಯೆ ಬೆಟ್ಟದಲ್ಲಿ ಮಾತ್ರ ಇರುತ್ತದೆ ಎಂದು ನನ್ನ ಬುದ್ಧಿ ತಿಳಿದುಕೊಂಡಿತ್ತೋ ಏನೋ, ಬ್ಯಾಡರಹಳ್ಳಿಯ ಮಟ್ಟಿಗೆ ನನಗೆ ಅದು ನೆನಪಾಗಲೇ ಇಲ್ಲ.

ಸೋಮವಾರ ಆಫೀಸಿನಲ್ಲಿ ಕೆಲಸ ಹೆಚ್ಚಿತ್ತು, ತೊಟ್ಟಿಯೂ ತುಂಬಿತ್ತು, ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ಸುಜಾತಳಿಗೆ ತಮ್ಮನ ಫೋನು. ಮಾತಾಡಿ ಇಟ್ಟವಳ ಮುಖ ಬಿಳಿಚಿಕೊಂಡಿತ್ತು. ಜಮೀನಿನ ನಾಲ್ಕು ಮೂಲೆಗೂ ಯಾರೋ ಮಾಟ ಮಾಡಿಸಿ ಇಟ್ಟಿದ್ದಾರಂತೆ. ಪುಟ್ಟಸ್ವಾಮಿ ಫೋನ್ ಮಾಡಿದ್ದರಿಂದ ಇವರು ನಂಜನಗೂಡಿನಿಂದಲೇ, ಮೈಸೂರನ್ನೂ ನೋಡದೆ, ರಾತ್ರಿ ಬಸ್ಸು ಹಿಡಿದು ವಾಪಸ್ ಬಂದಿದ್ದಾರಂತೆ. ಮಾಟ ತೆಗೆಸಲು ಊರಿನ ಗುಡಿಯ ಪೂಜಾರಪ್ಪನನ್ನು ಕರೆಸಿದ್ದಾರಂತೆ.

ನನಗೆ ವಿಷಯ ಅರ್ಥವಾದದ್ದು ಸ್ಕೂಟರ್ ಮಾಗಡಿ ರಸ್ತೆಗೆ ತಿರುಗಿದ ಮೇಲೆ. ಹಿಂದೆ ಕೂತವಳಿಗೆ ಹೇಳಲು ಬಾಯಿ ಬರಲಿಲ್ಲ.

ಹೋಗಿ ನೋಡಿದರೆ ಜಮೀನಿನ ತುಂಬ ಜನ. ಪುಟ್ಟಸ್ವಾಮಿಯ ಮನೆ ಕಟ್ಟುತ್ತಿದ್ದ ರಾಯಚೂರಿನ ಗಾರೆಯವರು ಹಿಂದಿನ ದಿನವೇ ಸಾಮಾನು ಕಟ್ಟಿಕೊಂಡು ಹೊರಟುಹೋಗಿದ್ದರು. ಮಾಡಿದವನನ್ನು ಕಣ್ಣಾರೆ ಕಂಡ ಸಾಕ್ಷಿ ಗೌರಮ್ಮ. ಮುಖ ಮುಚ್ಚಿಕೊಂಡಿದ್ದನಂತೆ, ಮಂತ್ರ ಹೇಳುತ್ತಾ ಜಮೀನಿಗೆ ಪ್ರದಕ್ಷಿಣೆ ಹಾಕಿದನಂತೆ. ಆಳು ಹೇಗಿದ್ದ ಎಂದು ಶಿವರಾಮ ಕೇಳಿದ.

"ಎತ್ತರಕ್ಕಿದ್ದ ಕಣಪ್ಪ. ಒಳ್ಳೆ ಕಟ್ಟುಮಸ್ತಾದ ಆಳು," ಎಂದರು ಗೌರಮ್ಮ.

ಮದುವೆಯ ಫೋಟೋ ತೆಗೆಯುವಾಗ ಸುಜಾತಳ ಪಕ್ಕದಲ್ಲಿ ನನ್ನನ್ನು ಮಣೆಯ ಮೇಲೆ ನಿಲ್ಲಿಸಿದ್ದರು. ನನ್ನನ್ನು ಕಟ್ಟುಮಸ್ತು ಎಂದವರು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಎನ್ನಿಸಿದ್ದು ನಿಜ. ಆದರೆ ಪಕ್ಕದಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮುಂದೆ ಬಂದೆ.

"ಶಿವು, ಅದು ಮಾಟ ಅಲ್ಲ ಕಣೋ. ಕುದುರೆಗೆ ಅಂತ ಉಪ್ಪು ಇಟ್ಟೆ. ನಾನೇ."

ಶಿವರಾಮ ನನ್ನನ್ನು ಪ್ರೀತಿಯಿಂದ ನೋಡಿದ. "ಸುಮ್ನಿರಿ ಭಾವ. ಅಮ್ಮ ಹೆದರ್ಕೊಂಡವ್ರೆ ಅಂತ ಹೀಗೆ ಹೇಳ್ತಿದೀರ, ಗೊತ್ತು ನಂಗೆ."

ನಾನು ಬಿಡಲಿಲ್ಲ. ಬೇಕಾದರೆ ಕುದುರೆಯನ್ನೇ ಕರೆತಂದು ನೋಡಿ ಎಂದೆ. ಬಿಳಿ ಕುದುರೆಯನ್ನು ಮಡಕೆಯ ಬಳಿಗೆ ಹಿಡಿದು ತಂದರು. ಅದು ಮೂತಿ ಇಳಿಸಿ ಮೂಸಿತು. ಅರಿಶಿನ ಮೂಗಿಗೆ ಹೊಡೆದಿರಬೇಕು, ಜೋರಾಗಿ ಸೀನಿ, ಹಿಂದಕ್ಕೆ ಹಾರಿ, ಹಗ್ಗ ಕಿತ್ತುಕೊಂಡು ಹೋಗಿ ಪುಟ್ಟಸ್ವಾಮಿಯ ಗೋಡೆ ನೆಕ್ಕತೊಡಗಿತು. ಮೂಕಪ್ರಾಣಿಗೆ ಎಲ್ಲ ತಿಳಿಯುತ್ತದೆ ಎಂದು ಯಾರೋ ಅಂದರು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಕೊನೆಯ ಸಾಕ್ಷಿಯಾಗಿ ನಾನು ಕೆಂಪು ಬಟ್ಟೆಯನ್ನು ತೋರಿಸಿದೆ. ಇದು ನಮ್ಮ ಮನೆಯದೇ, ಸುಜಾತಳದು, ಬೇಕಾದರೆ ಅವಳನ್ನೇ ಕೇಳಿ ಎಂದೆ. ಅವಳು ಬಗ್ಗಿ ನೋಡಿದಳು. ತವರಿನವರೇ ಹಬ್ಬಕ್ಕೆ ಕೊಟ್ಟಿದ್ದ ರೇಷ್ಮೆ ರವಿಕೆ ಕಣ ಅದು. ನನ್ನನ್ನು ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲವೂ ಅರ್ಥವಾಗಿದ್ದು ನನಗೆ ಗೊತ್ತಾಯಿತು. ಹೌದು, ನನ್ನದೇ ಬಟ್ಟೆ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಳು.

ಅತ್ತೆ ಹೋ ಎಂದು ಅತ್ತರು. ಹೆಣ್ಣುಮಗಳ ರವಿಕೆ ಬಟ್ಟೆಯನ್ನೇ ಕದ್ದು ತಂದು ಮಾಟಕ್ಕೆ ಹಾಕಿದ್ದಾರಲ್ಲ ಎಂದು ಇಡೀ ಗುಂಪು ಗಾಬರಿಯಾಯಿತು. ನಾನು ಬಾಯಿ ತೆರೆದಷ್ಟೂ ಮಾಟದ ಶಕ್ತಿ ಹೆಚ್ಚುತ್ತಿತ್ತು.

ಅಷ್ಟರಲ್ಲಿ ನಾಲ್ಕೂ ಮಡಕೆ ನೋಡಿ ಬಂದ ಪೂಜಾರಪ್ಪ ಗಂಭೀರವಾಗಿ ಹೇಳಿದರು. "ಇದು ಹೊರಗಿನವರ ಕೆಲಸ ಅಲ್ಲ. ಮನೆ ಒಳಕ್ಕೆ ಬಂದು ಹೋಗೋರೇ ಮಾಡಿರೋದು. ಲೆಕ್ಕಾಚಾರವಾಗಿ ಮಾಡವ್ರೆ. ಕೈ ಪಳಗಿರೋರು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವರಾಮನ ದೊಡ್ಡಪ್ಪನ ಮಕ್ಕಳ ಮೇಲೆ ಕೆಲವರ ಕಣ್ಣು ಬಿತ್ತು, ಅವರು ತಲೆ ತಗ್ಗಿಸಿದರು. ಕೊನೆಗೆ ಆ ಕಣ್ಣುಗಳೆಲ್ಲ ಸುತ್ತಿ ಬಂದು ನನ್ನ ಮೇಲೆ ನಿಂತವು. ಭಯದ ಜೊತೆಗೆ, ಅಂತೂ ನಂಬುತ್ತಾರಲ್ಲ ಎಂಬ ಸಣ್ಣ ಆಸೆಯೂ ನನಗೆ ಹುಟ್ಟಿತು.

ಶಿವರಾಮ ಆ ದಿನ ಮೊದಲ ಸಲ ನಕ್ಕ.

"ಭಾವನ್ನ ಯಾಕೆ ನೋಡ್ತೀರ? ಪೂಜಾರಪ್ಪ ಹೇಳ್ತಿರೋದು ಕೈ ಪಳಗಿರೋರು ಅಂತ."

ಗುಂಪು ನಕ್ಕಿತು. ಅತ್ತೆಯೂ ಅಳು ನಿಲ್ಲಿಸಿ ನಕ್ಕರು. ನಾನು ನಿರಪರಾಧಿ ಎಂದು ಅಲ್ಲೇ ಸರ್ವಾನುಮತದಿಂದ ತೀರ್ಮಾನವಾಯಿತು. ಅಲ್ಲಿದ್ದ ಬೇರೆ ಯಾರ ಬಗ್ಗೆಯೂ ಅಷ್ಟು ಖಚಿತವಾಗಿ ಹೇಳಲು ಯಾರಿಗೂ ಧೈರ್ಯವಿರಲಿಲ್ಲ.