ಬಾರ್ಲಿ ಕಷಾಯದ ತಿಳಿ

ಲೋಟದ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು, ಅಂಥ ತಿಳಿಯಾದ ಬಿಯರನ್ನು ಜಯನಗರದ ತಮ್ಮ ಮನೆಯಲ್ಲೇ ತಯಾರಿಸಿ ತೋರಿಸುವುದಾಗಿ ಚಿಕ್ಕಬೈರಪ್ಪನವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಘೋಷಿಸಿಬಿಟ್ಟರು. ೧೯೬೧ರ ಮಾತು. ನಿವೃತ್ತನಾದ ಫೋರ್‌ಮನ್ ಒಬ್ಬ ಹೋಗುವಾಗ ಅವರಿಗೆ ಈ ವಿದ್ಯೆಯನ್ನು ಧಾರೆಯೆರೆದು ಹೋಗಿದ್ದ. ಹೆಂಡತಿ ಮುನಿಲಕ್ಷ್ಮಮ್ಮ ಹರಿಕಥೆಗೆ ಹೋಗುವ ಭಾನುವಾರ ಸಂಜೆಯನ್ನೇ ನೋಡಿ ನಾಲ್ವರು ಸಹೋದ್ಯೋಗಿಗಳನ್ನು ಕರೆದೂ ಆಯಿತು.

ಹೆಂಡತಿಗೆ ಹೇಳಿದ್ದು ಬೇರೆ. ತಮಗೆ ಮೂತ್ರದಲ್ಲಿ ಕಲ್ಲು, ಜಾಡಿಯಲ್ಲಿರುವುದು ಡಾಕ್ಟರು ಹೇಳಿದ ಬಾರ್ಲಿ ಕಷಾಯ.

ಬಾರ್ಲಿ, ಬೆಲ್ಲ, ಬೇಕರಿಯ ಈಸ್ಟು ಸೇರಿ ಕಷಾಯವೇನೋ ಸೊಗಸಾಗಿ ಹುದುಗಿತು. ತಳದಲ್ಲಿ ಎರಡು ಬೆರಳು ಗಷ್ಟೂ ಕೂತಿತು. ಆದರೆ ಮುನಿಲಕ್ಷ್ಮಮ್ಮ ದಿನಾ ಬೆಳಿಗ್ಗೆ ಉಗ್ರಾಣ ಗುಡಿಸಲು ಜಾಡಿಯನ್ನು ಎತ್ತಿಡುವರು, ಗಷ್ಟು ಎದ್ದು ಎಲ್ಲವೂ ಮಳೆಗಾಲದ ಕೆರೆಯ ನೀರಾಗುವುದು. ಬೇಡವೆಂದರೆ, ಔಷಧಿ ಇಟ್ಟ ಜಾಗ ಚೊಕ್ಕಟವಾಗಿರಬೇಡವೇ ಎಂದು ಅವರೇ ಕೇಳುವರು. ಗುರುವಾರದಿಂದ ಚಿಕ್ಕಬೈರಪ್ಪನವರೇ ಪೊರಕೆ ಹಿಡಿದರು. ಇಂಥ ಗಂಡ ಎಲ್ಲರಿಗೂ ಸಿಗಬೇಕೆಂದು ಪಕ್ಕದ ಮನೆಯ ಜಯಶೀಲಾ ಹೊಗಳಿದರು.

ಭಾನುವಾರ ಬೆಳಿಗ್ಗೆ ಜಾಡಿಯನ್ನು ಅಲುಗಿಸದೆ, ಒಂದು ಕಡ್ಡಿಗೆ ರಬ್ಬರ್ ಟ್ಯೂಬು ಕಟ್ಟಿ, ತುದಿ ಗಷ್ಟಿಗೆ ತಾಗದಂತೆ ಇಳಿಬಿಟ್ಟರು. ಒಮ್ಮೆ ಬಾಯಿಂದ ಎಳೆದದ್ದೇ ತಡ, ಜೇನಿನ ಬಣ್ಣದ ತಿಳಿ ಸುರಿಯತೊಡಗಿತು. ಐದು ಬಾಟಲಿ ತುಂಬಿ ಆರನೆಯದಕ್ಕೆ ಟ್ಯೂಬು ಇಟ್ಟಾಗ ಕತ್ರಿಗುಪ್ಪೆಯಿಂದ ಮಾವ ತಿಮ್ಮರಾಯಪ್ಪನವರು ಬಂದರು. ಬಂದವರು ಜಗಲಿಯಲ್ಲಿ ಕೂರದೆ, ಮೂಗು ತೋರಿಸಿದ ದಾರಿಯಲ್ಲಿ ನೇರ ಉಗ್ರಾಣಕ್ಕೇ ನಡೆದರು.

ಇದು ಕಲ್ಲು ಕರಗಿಸುವ ಕಷಾಯವೆಂದು ಮಗಳು ಮುನಿಲಕ್ಷ್ಮಮ್ಮ ವಿವರಿಸಿದಳು. ಮುದುಕರು ಬಗ್ಗಿ ಮೂಸಿದರು.

"ನಂಗೂ ಎರಡು ತಿಂಗಳಿಂದ ಅದೇ ತೊಂದ್ರೆ ಕಣಮ್ಮ," ಎಂದರು.

ಮಗಳು ಟ್ಯೂಬಿನಿಂದಲೇ ಲೋಟಕ್ಕೆ ಹಿಡಿದು ಕೊಟ್ಟಳು. ಅವರು ಕಣ್ಣು ಮುಚ್ಚಿ ಕುಡಿದರು. ಜಾಡಿಯಲ್ಲಿ ಉಳಿದಿದ್ದ ತಿಳಿ ಎರಡನೆಯ ಲೋಟಕ್ಕೆ ಮುಗಿಯಿತು. ಅದನ್ನೂ ಕುಡಿದು, ನೋವು ಆಗಲೇ ಇಳಿಯುತ್ತಿದೆಯೆಂದರು. ಮುನಿಲಕ್ಷ್ಮಮ್ಮನ ಕಣ್ಣು ತುಂಬಿತು.

"ರೀ, ಐದೂ ಬಾಟ್ಲಿ ಅಪ್ಪಂಗೇ ಕೊಟ್ಬಿಡೋಣ. ನಿಮಗೆ ಇನ್ನೊಂದ್ಸಲ ಕಾಯಿಸ್ಕೊಂಡ್ರಾಯ್ತು."

ಚಿಕ್ಕಬೈರಪ್ಪನವರು ಬಾಯಿ ತೆರೆದರು. ಬೇಡವೆಂದರೆ ಮಾವನ ಪ್ರಾಣಕ್ಕಿಂತ ಕಷಾಯ ಹೆಚ್ಚಾಯಿತೇ ಎಂಬ ಪ್ರಶ್ನೆ ಬರುತ್ತದೆ. ನಿಜ ಹೇಳಿದರೆ ಪ್ರಶ್ನೆಯೇ ಬರುವುದಿಲ್ಲ, ಪೊರಕೆ ಬರುತ್ತದೆ. ಆಗಲಿ ಎಂದು ಬಾಯಿ ಮುಚ್ಚಿದರು.

ಬಾಟಲಿಗಳ ಚೀಲ ಹೊತ್ತು ಬಸ್ ಸ್ಟಾಪಿನವರೆಗೆ ಅವರೇ ಹೋದರು. ಸಂಜೆ ಬರುವ ನಾಲ್ವರಿಗೆ ಏನು ಕೊಡುವುದೆಂದು ದಾರಿಯುದ್ದಕ್ಕೂ ಯೋಚಿಸಿದರು. ಕಾಫಿಯ ಹೊರತು ಬೇರೇನೂ ಹೊಳೆಯಲಿಲ್ಲ. ಬಸ್ಸು ಬಂತು. ತಿಮ್ಮರಾಯಪ್ಪನವರು ಚೀಲವನ್ನು ಎದೆಗವಚಿಕೊಂಡು ಹತ್ತಿ ಕೂತು, ಕಿಟಕಿಯಿಂದ ಬಗ್ಗಿ ದನಿ ತಗ್ಗಿಸಿದರು.

"ಸರಕು ಪರವಾಗಿಲ್ಲ ಅಳಿಯಂದ್ರೆ. ಆದ್ರೆ ಹೀಗೆ ತಿಳಿ ಮಾಡಿ ಕೆಡಿಸ್ಬೇಡಿ. ಮುಂದಿನ ಸಲ ಗಷ್ಟನ್ನೂ ಸ್ವಲ್ಪ ಕಲಕಿ ತುಂಬಿಸಿ. ಏಟೆಲ್ಲ ಅದ್ರಲ್ಲೇ ಇರೋದು."