ಗುಂಡನ ಆಯುಧಪೂಜೆ

“ಇನ್ನು ಮೇಲೆ ಈ ಮನೇಲಿ ಅತ್ತೆ ಪೊರಕೆ ಮುಟ್ಟಕೂಡದು!”

ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆಯ ಮೂರಂತಸ್ತಿನ ಮನೆಯ ಹಾಲ್‌ನಲ್ಲಿ ನಿಂತು ಶಾಲಿನಿ ಹೀಗೆ ಘೋಷಿಸಿದಾಗ ಅವಳ ಅತ್ತೆ ಮರಿಯಮ್ಮ ಪೊರಕೆ ಹಿಡಿದೇ ನಿಂತಿದ್ದರು. ಮಾವ ಚಿಕ್ಕಬೈರಪ್ಪ ಟೀವಿಯ ಸದ್ದು ತಗ್ಗಿಸಿದರು. ಹೆಂಡತಿಯ ಘೋಷಣೆಗಳ ಹಿಂದೆ ಸಾಮಾನ್ಯವಾಗಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆಂದು ಅನುಭವದಿಂದ ಬಲ್ಲ ದಿನೇಶ ಮಾತ್ರ ಮೆಲ್ಲಗೆ ಬಾಗಿಲ ಕಡೆ ಕಣ್ಣು ಹಾಯಿಸಿದ. ಪೆಟ್ಟಿಗೆ ಇತ್ತು!

ಒಳಗಿದ್ದದ್ದು ತಾನೇ ಓಡಾಡಿ ಕಸ ಹೊಡೆಯುವ ರೋಬೋ. ದೊಡ್ಡ ರಾಗಿರೊಟ್ಟಿಯಷ್ಟು ಅಗಲ, ಕಪ್ಪು ಬಣ್ಣ, ತಲೆಯ ಮೇಲೊಂದು ಗುಂಡಿ, ಹೊಟ್ಟೆಯ ಕೆಳಗೆ ಪುಟ್ಟ ಪುಟ್ಟ ಕಣ್ಣು. ನಾಲ್ಕು ವರ್ಷದ ಧೃತಿ ಅದನ್ನು ನೋಡಿದ ಕೂಡಲೇ “ಗುಂಡ!” ಎಂದು ಕೂಗಿದಳು. ನಾಮಕರಣ ಮುಗಿಯಿತು.

ಶಾಲಿನಿ ಅದನ್ನು ತರಿಸಿದ್ದು ಶೋಕಿಗಲ್ಲ. ಮರಿಯಮ್ಮನವರ ಎರಡೂ ಮಂಡಿ ಸವೆದಿದ್ದವು. ಬಗ್ಗಬೇಡಿ ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು. ಆದರೂ ಬೆಳಗ್ಗೆ ಐದಕ್ಕೆ ಎದ್ದು ಇಡೀ ಮನೆ ಗುಡಿಸಿದರೇ ಆ ಜೀವಕ್ಕೆ ಸಮಾಧಾನ. ಕೆಲಸದವರನ್ನು ಇಟ್ಟದ್ದಾಯಿತು, ಅವರು ಹೋದ ಮೇಲೆ ಮರಿಯಮ್ಮ ಮತ್ತೆ ಗುಡಿಸಿದರು. ಶಾಲಿನಿಯೇ ಸೆರಗು ಕಟ್ಟಿದ್ದಾಯಿತು. “ನೀನು ಚೆನ್ನಾಗೇ ಗುಡಿಸಿದ್ದೀಯ ಕಣವ್ವ, ನಾನು ಸುಮ್ನೆ ಒಂದ್ ಕೈ ಆಡಿಸ್ತೀನಿ” ಎಂದು ಅರ್ಧ ಗಂಟೆ ಕೈ ಆಡಿಸಿದರು. ಸಂಜೆಯಾದರೆ ದಿವಾನದ ಮೇಲೆ ಕೂತು, ಯಾರಿಗೂ ಕೇಳಿಸದಂತೆ ನರಳುತ್ತಾ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವರು. ಆ ನರಳಾಟ ಶಾಲಿನಿಗೆ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

“ಹೋದ್ ಸಲ ತರಿಸಿದ ಚಪಾತಿ ಮಿಷಿನ್ನು ಹಪ್ಪಳ ಮಾಡ್ತು,” ದಿನೇಶ ನೆನಪಿಸಿದ. “ಅದಕ್ ಮುಂಚೆ ಬಂದ ತರಕಾರಿ ಮಿಷಿನ್ನು ಒಂದು ಈರುಳ್ಳಿಗೇ ಪ್ರಾಣ ಬಿಡ್ತು. ಇದು ಏನ್ಮಾಡತ್ತೆ?”

“ರೀ, ಅದೆಲ್ಲಾ ಬರೀ ಮಿಷಿನ್ನು. ಇದಕ್ಕೆ ಬುದ್ಧಿ ಇದೆ!”

“ಬುದ್ಧಿ ಇರೋರು ಬೇರೆಯೋರ ಮನೆ ಕಸ ಹೊಡೆಯಕ್ ಬರ್ತಾರಾ?”

ಮರಿಯಮ್ಮ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. “ಆಯ್ತು ಕಣವ್ವ. ಹಬ್ಬದ ತನಕ ನೋಡ್ತೀನಿ. ಇದು ಮನೆ ಪೂರ್ತಿ ಗುಡಿಸಿದ್ರೆ ಪೊರಕೆ ಮೊಳೆಗೆ ನೇತಾಕ್ತೀನಿ. ಆಗ್ಲಿಲ್ಲ ಅಂದ್ರೆ ನನ್ ಪೊರಕೆ ನನಗೆ. ಆಮೇಲೆ ನನ್ ಮಂಡಿ ವಿಷ್ಯ ಈ ಮನೇಲಿ ಯಾರೂ ಎತ್ತಂಗಿಲ್ಲ!”

“ಒಪ್ಪಿದೆ!” ಎಂದಳು ಶಾಲಿನಿ, ಸಾಮ್ರಾಜ್ಯವನ್ನೇ ಪಣಕ್ಕಿಟ್ಟವಳಂತೆ.

ಗುಂಡನನ್ನು ಎಬ್ಬಿಸುವುದೇ ಒಂದು ಯಾಗವಾಯಿತು. ಮೊದಲು ಆ್ಯಪ್ ಇಳಿಸಬೇಕು. ಆ್ಯಪ್‌ಗೆ ಅವಳ ಹುಟ್ಟಿದ ದಿನ ಬೇಕು, ಫೋಟೋಗಳು ಬೇಕು, ಅವಳು ಎಲ್ಲಿದ್ದಾಳೆಂದು ತಿಳಿಯಬೇಕು. ‘ನಾನು ನಿನ್ನ ಎದುರಿಗೇ ಕೂತಿದ್ದೀನಲ್ಲೋ!’ ಎಂದುಕೊಂಡು ಎಲ್ಲಕ್ಕೂ ಹೂಂ ಒತ್ತಿದಳು. ವೈಫೈ ಕೊಟ್ಟರೆ ಈ ವೈಫೈ ಒಗ್ಗುವುದಿಲ್ಲ, ಬೇರೆ ಕೊಡಿ ಎಂದಿತು. ಬೇರೆ ಕೊಟ್ಟರೆ ತನ್ನ ಸಾಫ್ಟ್‌ವೇರ್ ಹಳತಾಗಿದೆ ಎಂದಿತು. ಪೆಟ್ಟಿಗೆ ಬಿಚ್ಚಿ ಇಪ್ಪತ್ತು ನಿಮಿಷವಾಗಿಲ್ಲ, ಆಗಲೇ ಹಳತು! ಹಾಲು ಕುಡಿಯುವುದು ಬಿಡುವ ಮೊದಲೇ ಹಲ್ಲು ಸೆಟ್ಟು ಕೇಳಿದ ಕೂಸಿನ ಹಾಗೆ. ಅಂತೂ ಒಂದೂವರೆ ಗಂಟೆಯ ನಂತರ ಗುಂಡ ಗುರ್ರೆಂದು ಹೊರಟ. ಎಲ್ಲರೂ ಕಾಲೆತ್ತಿ ಸೋಫಾ ಮೇಲೆ ಕೂತರು. ಗುಂಡ ನೇರವಾಗಿ ಹೋದ, ಗೋಡೆಗೆ ಒಂದೂವರೆ ಅಡಿ ದೂರದಲ್ಲಿ ಗಕ್ಕನೆ ನಿಂತ, ಹಿಂದೆ ಸರಿದ. ಎಡಕ್ಕೆ ಹೋದ, ನಿಂತ, ಹಿಂದೆ ಸರಿದ. ಬಲಕ್ಕೂ ಅದೇ ಕತೆ.

ಕಾರಣ ಮಾವನ ಗ್ರಾನೈಟು! ಮನೆ ಕಟ್ಟಿಸುವಾಗ ಚಿಕ್ಕಬೈರಪ್ಪನವರು ಬಿಳಿ ಟೈಲ್ಸಿನ ಸುತ್ತ ಒಂದೂವರೆ ಅಡಿ ಅಗಲದ ಕಪ್ಪು ಗ್ರಾನೈಟಿನ ಅಂಚು ಹಾಕಿಸಿದ್ದರು, ಪ್ರತಿ ಕೋಣೆಯ ಬಾಗಿಲಲ್ಲೂ ಅದೇ ಪಟ್ಟಿ. ಬಂದವರೆಲ್ಲ ಹೊಗಳಲೇಬೇಕಾದ ಗ್ರಾನೈಟು ಅದು.

ಶಾಲಿನಿ ಕಂಪನಿಗೆ ಫೋನ್ ಮಾಡಿದಳು.

“ಮೇಡಂ, ಹೊಟ್ಟೆ ಕೆಳಗಿನ ಸೆನ್ಸರ್‌ಗೆ ಕಪ್ಪು ನೆಲ ಹಳ್ಳದ ಥರ ಕಾಣತ್ತೆ. ಬಿದ್ದೋಗ್ತೀನಿ ಅಂತ ನಿಂತ್ಕೊಳತ್ತೆ.”

“ಹಾಗಾದ್ರೆ ಏನ್ಮಾಡ್ಲಿ?”

“ತಿಳಿ ಬಣ್ಣದ ನೆಲ ರೆಕಮೆಂಡ್ ಮಾಡ್ತೀವಿ ಮೇಡಂ.”

“ಮನೆ ಒಡೆದು ಕಟ್ಲಾ?”

“ಬೇರೇನಾದರೂ ಸಹಾಯ ಬೇಕಿತ್ತಾ ಮೇಡಂ?”

ಹೀಗೆ ಒಂಬತ್ತು ದಿನ ಗುಂಡ ಹಾಲ್‌ನ ನಡುವಿನ ಬಿಳಿ ದ್ವೀಪವನ್ನು ಮಾತ್ರ ತಿಕ್ಕಿ ತಿಕ್ಕಿ ಹೊಳೆಸಿದ. ಉಳಿದ ಮನೆಯನ್ನು ಮರಿಯಮ್ಮ ಒಂದು ಮಾತೂ ಆಡದೆ ಗುಡಿಸಿದರು. ಬೈದಿದ್ದರೆ ಶಾಲಿನಿ ತಡೆದುಕೊಳ್ಳುತ್ತಿದ್ದಳು. ಆ ಮೌನವನ್ನು ತಡೆದುಕೊಳ್ಳುವುದು ಕಷ್ಟ! ಒಂಬತ್ತನೆಯ ದಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ‘ಹಿಂತಿರುಗಿಸಿ’ ಒತ್ತಿದಳು. ಹಿಂತಿರುಗಿಸಲು ನಾಳೆಯೇ ಕೊನೆ ದಿನ, ನಾಳೆಯೇ ಬಂದು ಒಯ್ಯುತ್ತೇವೆ ಎಂದಿತು ಆ್ಯಪ್. ನಾಳೆ ಆಯುಧಪೂಜೆ.

“ಎಲ್ಲರೂ ಗೇಟಿನ ಹತ್ರ ನಿಮ್ಮ ಟೆಂಪೋ ಪೂಜೇಲಿ ಇರ್ತಾರೆ. ಹಿತ್ತಿಲ ಬಾಗಿಲಿಂದ ಸಾಗಿಸಿಬಿಡ್ತೀನಿ. ಹಬ್ಬ ಮುಗಿದ ಮೇಲೆ ಅತ್ತೆಗೆ ಹೇಳಿದ್ರಾಯ್ತು,” ಎಂದು ಗಂಡನ ಕಿವಿಯಲ್ಲಿ ಉಸುರಿದಳು.

“ಮನೇಲಿ ಸೂಜಿ ಕಳೆದ್ರೂ ಗೊತ್ತಾಗತ್ತೆ ಅಪ್ಪಂಗೆ,” ಎಂದ ದಿನೇಶ. “ಅದೂ ಆಯುಧಪೂಜೆ ದಿನ!”

ಅವನು ಹೇಳಿದ್ದು ನಿಜ. ಒಂದು ವರ್ಷ ಬೋರ್‌ವೆಲ್ ಮೋಟಾರಿಗೆ ಪೂಜೆ ಮಾಡುವುದು ಮರೆತುಹೋಗಿ, ಎಂಟೇ ದಿನದಲ್ಲಿ ಅದು ಸುಟ್ಟು, ಮೇಲಿನ ಎರಡು ಮಹಡಿಯ ಬಾಡಿಗೆದಾರರು ಕೊಡಪಾನ ಹಿಡಿದು ಬಾಗಿಲಿಗೆ ಬಂದಿದ್ದರು. ಅಂದಿನಿಂದ ಚಿಕ್ಕಬೈರಪ್ಪನವರು ತಿರುಗುವ, ಕತ್ತರಿಸುವ, ಗುಂಯ್‌ಗುಡುವ ಯಾವ ವಸ್ತುವನ್ನೂ ಬಿಟ್ಟವರಲ್ಲ. ದಿನೇಶನ ಶಾಮಿಯಾನ ಸಾಗಿಸುವ ಟೆಂಪೋದಿಂದ ಹಿಡಿದು ಉಗುರು ಕತ್ತರಿಯವರೆಗೆ ಎಲ್ಲಕ್ಕೂ ವಿಭೂತಿ, ಎಲ್ಲಕ್ಕೂ ಹೂವು!

ಹಬ್ಬದ ಬೆಳಗ್ಗೆ ಟೆಂಪೋ, ಸ್ಕೂಟರು, ಮೋಟಾರು, ಮಿಕ್ಸಿ ಮುಗಿದವು. ಗೇಟಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಢಬ್ಬೆಂದು ಒಡೆಯಿತು. ಕಡ್ಲೆಪುರಿ ಹಂಚಿದ್ದೂ ಚೆಲ್ಲಿದ್ದೂ ಸರಿಸಮವಾಯಿತು. ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು.

“ಎಲ್ಲಾ ಆಯ್ತು... ಗುಂಡ ಎಲ್ಲಿ?”

ಶಾಲಿನಿ ಬಾಗಿಲಿಗೆ ಅಡ್ಡ ನಿಂತಳು. “ಅದು... ಚಾರ್ಜಿಗೆ ಇದೆ ಮಾವ.”

“ಇಲ್ಲ ತಾತಾ! ಬಾಕ್ಸಲ್ಲಿ ಮಲ್ಕೊಂಡಿದಾನೆ. ಅಮ್ಮ ಟೇಪ್ ಹಾಕ್ಬಿಟ್ಟಿದಾಳೆ!” ಎಂದಳು ಧೃತಿ.

“ಹಬ್ಬದ ದಿನ ಹೊಸ ಗಾಡೀನ ಕಟ್ಟಾಕಿದ್ದೀಯಾ? ತಗಿಯವ್ವ ಆಚೆಗೆ!”

ಟೇಪು ಹರಿಯಿತು. ಗುಂಡನಿಗೆ ಮಣೆ ಹಾಕಿದರು. ಮಾವ ಮೂರು ಬೆರಳು ಅದ್ದಿ ತಲೆಯ ಮೇಲೆ ವಿಭೂತಿ ಎಳೆದರು. ಆಮೇಲೆ ಚಕ್ರಕ್ಕೆ ಹಚ್ಚಬೇಕಲ್ಲ? ಚಕ್ರ ಹೊಟ್ಟೆಯ ಕೆಳಗೆ. ಗುಂಡನನ್ನು ಅಂಗಾತ ಮಲಗಿಸಿ, ಕಲಸಿದ ವಿಭೂತಿಯನ್ನು ಚಕ್ರಕ್ಕೆ, ಬ್ರಶ್ಶಿಗೆ, ಕಂಡಕಂಡಲ್ಲಿಗೆ ಧಾರಾಳವಾಗಿ ಬಳಿದರು. “ಸಾಕು ಮಾವ, ಸಾಕು!” ಎಂದಳು ಶಾಲಿನಿ. “ಹೊಸದಲ್ವೇನವ್ವ, ಜಾಸ್ತಿನೇ ಇರಲಿ!” ಎಂದರು ಮಾವ. ಚೆಂಡುಹೂವಿನ ಸರ ಬಂತು, ಚಕ್ರದ ಮುಂದೆ ನಿಂಬೆಹಣ್ಣು ಬಂತು. ಕೊನೆಗೆ ಮರಿಯಮ್ಮನವರೇ ಗೋಡೆ ಹಿಡಿದು ಕಷ್ಟದಿಂದ ಬಗ್ಗಿ ಆರತಿ ಎತ್ತಿದರು. “ನಿಂಗೆ ಬರೋ ಅಷ್ಟು ಮಾಡಪ್ಪ. ಯಾರಿಗೆ ತಾನೆ ಎಲ್ಲಾ ಬರತ್ತೆ,” ಎಂದು ಗುಂಡನ ತಲೆ ಸವರಿದರು. ಶಾಲಿನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು!

“ಹೂಂ, ಬಿಡು ಗಾಡೀನ!” ಎಂದರು ಮಾವ.

ಶಾಲಿನಿ ಗುಂಡಿ ಒತ್ತಿದಳು. ಗುಂಡ ನಿಂಬೆಹಣ್ಣನ್ನು ಮೂಲೆಗೆ ಚಿಮ್ಮಿಸಿದ. ಹೂವಿನ ಸರ ಎಳೆದುಕೊಂಡು ಬಿಳಿ ದ್ವೀಪ ದಾಟಿದ. ಗ್ರಾನೈಟಿನ ಅಂಚಿಗೆ ಬಂದ. ನಿಲ್ಲಲಿಲ್ಲ! ಕಪ್ಪು ಪಟ್ಟಿಯ ಮೇಲೆ ಮದುವೆ ಗಂಡಿನಂತೆ ಸಾಗಿ ಗೋಡೆ ಮುಟ್ಟಿ ತಿರುಗಿದ. ಅಡುಗೆಮನೆಗೆ ನುಗ್ಗಿದ, ಕೋಣೆಗೆ ನುಗ್ಗಿದ, ದಿವಾನದ ಕೆಳಗಿನಿಂದ ಧೃತಿಯ ಕಳೆದುಹೋದ ಕ್ಲಿಪ್ಪು ಹೊತ್ತು ತಂದ.

“ಇದೇನು ಪವಾಡ!” ಮರಿಯಮ್ಮ ಕೈ ಮುಗಿದರು.

“ಪವಾಡ ಅಲ್ಲವ್ವ,” ಎಂದ ದಿನೇಶ. “ಹೊಟ್ಟೆ ಕೆಳಗಿನ ಕಣ್ಣಿಗೆ ಬಿಳೀ ವಿಭೂತಿ ಮೆತ್ಕೊಂಡಿದೆ. ಅದಕ್ಕೀಗ ಎಲ್ಲಾ ಕಡೆ ಬಿಳೀ ನೆಲನೇ ಕಾಣ್ತಿದೆ.”

“ಅದನ್ನೇ ಕಣೋ ಪವಾಡ ಅನ್ನೋದು!” ಎಂದು ಗದರಿದರು ಚಿಕ್ಕಬೈರಪ್ಪ.

ಭಯ ಹೋದ ಗುಂಡನನ್ನು ಹಿಡಿಯುವವರಾರು? ತೆರೆದ ಮುಂಬಾಗಿಲು ಕಂಡಿತು. ಸ್ಕೂಟರ್ ಹತ್ತಿಸುವ ಇಳಿಜಾರಿನಲ್ಲಿ ಜರ್ರನೆ ಜಾರಿದ. ಚೆಲ್ಲಿದ ಕಡ್ಲೆಪುರಿಯನ್ನು ಹೊಟ್ಟೆ ತುಂಬ ತಿಂದ. ಕುಂಕುಮದ ಕುಂಬಳಕಾಯಿಯಲ್ಲಿ ಎರಡು ಸುತ್ತು ಹೊರಳಿದ. ಕೆಂಪು ಗೆರೆ ಎಳೆಯುತ್ತಾ, ಗೇಟು ತೆಗೆದು ಆಗಷ್ಟೇ ಒಳಗೆ ಕಾಲಿಟ್ಟಿದ್ದ ಒಬ್ಬ ಮನುಷ್ಯನ ಬೂಟಿಗೆ ಡಿಕ್ಕಿ ಹೊಡೆದು ನಿಂತ!

ಆ ಮನುಷ್ಯ ಬೆನ್ನಿನ ಚೀಲ ಇಳಿಸಿ ಫೋನ್ ನೋಡಿದ. ಡೆಲಿವರಿ ಕೆಲಸದ ಗುರುಸಿದ್ದ.

“ಶಾಲಿನಿ ಮೇಡಂ ಮನೆ ಇದೇನಾ? ರಿಟರ್ನ್ ಪಿಕಪ್ ಇತ್ತು... ರೋಬೋ ಕ್ಲೀನರ್ರು.” ಕೆಳಗೆ ನೋಡಿದ. “ಇದೇನಾ? ಹನ್ನೊಂದು ವರ್ಷ ಸರ್ವಿಸಲ್ಲಿ ಪಾರ್ಸೆಲ್ಲೇ ಗೇಟ್ ತನಕ ನಡ್ಕೊಂಡ್ ಬಂದಿದ್ದು ಇದೇ ಫಸ್ಟು ಅಕ್ಕಾ!”

ಹಿಂದೆಯೇ ಓಡಿಬಂದ ಮನೆಯವರೆಲ್ಲ ಶಾಲಿನಿಯ ಕಡೆ ತಿರುಗಿದರು. ಗುಂಡನ ಹೊಟ್ಟೆಯಲ್ಲಿ ಕಡ್ಲೆಪುರಿ ಕರಕರ ಎನ್ನುತ್ತಿತ್ತು.

“ರಿಟರ್ನಾ?” ಎಂದರು ಮರಿಯಮ್ಮ. “ಈಗ್ ತಾನೆ ಆರತಿ ಎತ್ತಿದ್ನಲ್ಲೇ ಶಾಲು!”

ಶಾಲಿನಿ ಸೆರಗು ತಿರುಚಿದಳು. “ಅತ್ತೆ... ಅದು ಸೋತೋಯ್ತಲ್ಲ ಅಂತ... ನಿಮ್ಮ ಮಂಡಿಗೆ ಉಪಯೋಗಕ್ಕೆ ಬರ್ಲಿಲ್ಲವಲ್ಲ ಅಂತ...”

ಗುರುಸಿದ್ದ ನಿಯಮದ ಪ್ರಕಾರ ಫೋನ್ ಓದಿದ. “ವಸ್ತು ಮೊದಲಿನ ಸ್ಥಿತಿಯಲ್ಲಿದೆಯೇ ಅಂತ ಕೇಳ್ತಾ ಇದೆ ಅಕ್ಕಾ.” ಎಲ್ಲರೂ ಗುಂಡನನ್ನು ನೋಡಿದರು. ಹಣೆಗೆ ವಿಭೂತಿ, ಕೊರಳಿಗೆ ಹರಿದ ಹಾರ, ಮೈಗೆಲ್ಲ ಕುಂಕುಮ; ಯುದ್ಧ ಗೆದ್ದು ಬಂದ ಪಾಳೇಗಾರನ ಹಾಗಿದ್ದ! “ಇಲ್ಲ ಅಂತ ಹಾಕ್ತೀನಿ ಬಿಡಿ. ಹೌದು ಅಂತ ಇದ್ರೂ ನಾನು ಮುಟ್ತಿರ್ಲಿಲ್ಲ. ನಾನೂ ಬೆಳಗ್ಗೆ ಬೈಕಿಗೆ ಪೂಜೆ ಮಾಡ್ಕೊಂಡ್ ಬಂದೋನು. ಪೂಜೆ ಆಗಿರೋ ಗಾಡೀನ ಅವತ್ತೇ ಮನೆಯಿಂದ ಎತ್ಕೊಂಡ್ ಹೋಗೋಕೆ ಕೈ ಬರಲ್ಲ.”

“ಬುದ್ಧಿ ಅಂದ್ರೆ ಇದು!” ಎಂದು ಚಿಕ್ಕಬೈರಪ್ಪನವರು ಅವನಿಗೆ ಒಂದು ಸೇರು ಕಡ್ಲೆಪುರಿ ಕಟ್ಟಿಕೊಟ್ಟರು.

ಹಿಂತಿರುಗಿಸುವುದನ್ನು ರದ್ದು ಮಾಡಲು ಹೊರಟರೆ ಆ್ಯಪ್ ಸುಮ್ಮನೆ ಬಿಟ್ಟೀತೇ? ‘ನಿಮ್ಮ ತೊಂದರೆ ಹೇಗೆ ಬಗೆಹರಿಯಿತು?’ ಎಂದು ಕೇಳಿತು. ಆರಿಸಲು ಅದೇ ಕೊಟ್ಟ ಉತ್ತರಗಳು: ತಂತ್ರಜ್ಞರು ಬಂದರು, ಕೈಪಿಡಿ ಓದಿದೆ, ಸಾಫ್ಟ್‌ವೇರ್ ಹೊಸದಾಯಿತು... ಒಂದೂ ಹೊಂದಲಿಲ್ಲ. ‘ಇತರೆ’ ಒತ್ತಿ, ‘ಮಾವ ವಿಭೂತಿ ಹಚ್ಚಿದರು’ ಎಂದು ಬರೆದಳು. ‘ಧನ್ಯವಾದಗಳು, ಈ ಮಾಹಿತಿಯನ್ನು ನಮ್ಮ ಎಂಜಿನಿಯರುಗಳಿಗೆ ತಲುಪಿಸಲಾಗುವುದು’ ಎಂದು ಉತ್ತರ ಬಂತು! ಮಧ್ಯಾಹ್ನವೆಲ್ಲ ಗಂಡ ಹೆಂಡತಿ ಟೂತ್‌ಬ್ರಶ್ಶು ಹಿಡಿದು ಗುಂಡನ ಹಲ್ಲುಸಂದಿಯಿಂದ ಕಡ್ಲೆಪುರಿ ತೆಗೆದರು.

ಮರುದಿನ ಬೆಳಗ್ಗೆ ಐದಕ್ಕೆ “ಶಾಲೂ!” ಎಂಬ ಕೂಗಿಗೆ ಶಾಲಿನಿ ಧಡಕ್ಕನೆ ಎದ್ದು ಓಡಿಬಂದಳು. ಹಾಲ್‌ನಲ್ಲಿ ಮರಿಯಮ್ಮ ಬೆತ್ತದ ಕುರ್ಚಿಯಲ್ಲಿ ಕೂತು, ಎರಡೂ ಕಾಲು ಸ್ಟೂಲಿನ ಮೇಲೆ ನೀಡಿ, ಕಾಫಿ ಕುಡಿಯುತ್ತಿದ್ದರು. ಪೊರಕೆ ಮೊಳೆಯಲ್ಲಿ ನೇತಾಡುತ್ತಿತ್ತು. ಮದುವೆಯಾಗಿ ಆರು ವರ್ಷದಲ್ಲಿ ಬೆಳಗಿನ ಐದಕ್ಕೆ ಅತ್ತೆ ಕೂತಿದ್ದನ್ನು ಅವಳು ನೋಡಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು.

“ಸುಮ್ನೆ ಒಂದ್ ಕೈ ಆಡಿಸಲ್ವಾ ಅತ್ತೆ?”

“ಪೂಜೆ ಆಗಿರೋದರ ಮೇಲೆ ಅನುಮಾನ ಪಡಬಾರದು ಕಣವ್ವ. ಆದ್ರೆ ನೀವಿಬ್ರೂ ನಿನ್ನೆ ತೊಳೆದು ಎಲ್ಲಾ ಹೋಗಿದೆ ನೋಡು. ದಿನಾ ಬೆಳಗ್ಗೆ ಮುಖ ತೊಳೆದು, ಅದನ್ನ ಒರೆಸಿ, ಹೊಟ್ಟೆಗೆ ವಿಭೂತಿ ಹಚ್ಚಿ ಬಿಡು. ತಟ್ಟೇಲಿ ಕಲಸಿಟ್ಟಿದ್ದೀನಿ.”

ಶಾಲಿನಿ ನೆಲಕ್ಕೆ ಬಗ್ಗಿ ಗುಂಡನನ್ನು ಅಂಗಾತ ಮಲಗಿಸಿದಳು. ಆಕಳಿಸುತ್ತಾ ಬಂದ ದಿನೇಶ ಹೆಂಡತಿಯ ಅವಸ್ಥೆ ನೋಡಿ ಕನಿಕರಗೊಂಡ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಬಿಳಿಯ ಪ್ಲಾಸ್ಟರು ತೆಗೆದು ಪಿಸುಗುಟ್ಟಿದ. “ಲೇ, ಕಣ್ಣಿನ ಮೇಲೆ ಇದನ್ನ ಒಂದ್ಸಲ ಅಂಟಿಸಿದ್ರೆ ಆಯ್ತು. ವರ್ಷಗಟ್ಲೆ ಇರತ್ತೆ. ದಿನಾ ಐದಕ್ಕೆ ಏಳೋದೇ ಬೇಡ.”

ಶಾಲಿನಿ ಕುರ್ಚಿಯ ಕಡೆ ನೋಡಿದಳು. ಸ್ಟೂಲಿನ ಮೇಲೆ ನೀಡಿದ ಆ ಎರಡು ಮಂಡಿಗಳನ್ನು ನೋಡಿದಳು.

“ಒಳಗಿಡ್ರೀ ಅದನ್ನ! ಪ್ಲಾಸ್ಟರ್ ಹಾಕಿದ್ದು ಕಂಡ್ರೆ ಅತ್ತೆಗೆ ನಂಬಿಕೆ ಹೋಗಿ ಪೊರಕೆ ಕೆಳಗಿಳಿಯತ್ತೆ,” ಎಂದು ಪಿಸುಗುಟ್ಟಿ ಮೂರು ಬೆರಳನ್ನು ತಟ್ಟೆಗೆ ಅದ್ದಿದಳು.

“ಏನದು ಗುಸುಗುಸು?” ಕುರ್ಚಿಯಿಂದ ಗತ್ತಿನ ದನಿ ಬಂತು. “ಇನ್ನೊಂಚೂರು ಬಗ್ಗು ಶಾಲು, ಎಡಗಡೆ ಚಕ್ರಕ್ಕೆ ಹತ್ತೇ ಇಲ್ಲ!”