ಶಿವಮೊಗ್ಗಕ್ಕೆ ಓಡಿಕೊಂಡು ಹೋದದ್ದು

ಓಡುವ ಮನುಷ್ಯನನ್ನು ಕಂಡರೆ ನಮ್ಮ ಜನಕ್ಕೆ ಸುಮ್ಮನಿರಲು ಆಗುವುದಿಲ್ಲ. ಏನೋ ಆಗಿದೆ ಅಂದುಕೊಳ್ಳುತ್ತಾರೆ. ಆಗದೇ ಇದ್ದರೆ ತಾವೇ ಏನಾದರೊಂದು ಆಗಿಸುತ್ತಾರೆ. ಅರವತ್ತರ ದಶಕದ ಶುರುವಿನಲ್ಲಿ, ಭದ್ರಾವತಿಯಲ್ಲಿ ಕಾರ್ಖಾನೆ ಗುಮಾಸ್ತನಾಗಿದ್ದಾಗ, ನಾನು ಮೊದಲ ಸಲ ಹದಿಮೂರು ಮೈಲಿ ಓಡಿದೆ. ಆಗ ನಡೆದದ್ದಿದು.

ಮೊದಲು ಓಡಿದ್ದು ಬಾಯಿ

ನನ್ನ ಕೆಲಸ ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ. ಸೈರನ್ ಕೂಗಿದ ಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಲೇಟ್' ಅಂತ ಬರೆಯುವುದು. ಹಾಗಾಗಿ ನನ್ನನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೆ. ಒಂದು ದಿನ ಕ್ಯಾಂಟೀನ್ ಗೋಡೆಗೆ ಚೀಟಿ ಅಂಟಿಸಿದ್ದರು: ಭಾನುವಾರ ಬೆಳಿಗ್ಗೆ ಓಟದ ಸ್ಪರ್ಧೆ, ಭದ್ರಾವತಿಯ ನ್ಯೂ ಟೌನಿಗೊಂದು ಸುತ್ತು ಹಾಕಿ ಶಿವಮೊಗ್ಗದ ಮೈದಾನದವರೆಗೆ, ಒಟ್ಟು ಹದಿಮೂರು ಮೈಲಿ. ಕಾಫಿ ಕುಡಿಯುತ್ತ ನಾನು, "ಹದಿಮೂರು ಮೈಲಿ ಏನು ಮಹಾ!" ಅಂದೆ.

ಪಕ್ಕದಲ್ಲಿ ತಮಿಳು ಕಡೆಯ ಫಿಟ್ಟರ್ ಒಬ್ಬ ಕೂತಿದ್ದ. ಹಿಂದಿನ ವಾರ ಎರಡೇ ನಿಮಿಷಕ್ಕೆ ಅವನಿಗೆ ಕೆಂಪು ಶಾಯಿ ಹಾಕಿದ್ದೆ. ಅವನು ಲೋಟ ಇಟ್ಟವನೇ ಎದ್ದುಹೋಗಿ ನನ್ನ ಹೆಸರು ಬರೆಸಿ ಬಂದ.

"ಏನಯ್ಯಾ ಇದು?" ಅಂದೆ.

"ಓಡಿ ಸಾರ್. ಸೈರನ್ ಕೂಗಿದ್ರೆ ನಾವೆಲ್ಲ ಓಡೋದನ್ನ ನೀವು ದಿನಾ ನೋಡ್ತೀರಿ. ಒಂದ್ಸಲ ನೀವು ಓಡೋದನ್ನ ನಾವು ನೋಡ್ಬೇಡ್ವಾ?"

ಹೊಳೆಹೊನ್ನೂರು ರಸ್ತೆ

ಹಿಂದೆ ಸರಿದರೆ ಆ ಗೇಟಿನಲ್ಲಿ ಮತ್ತೆ ತಲೆಯೆತ್ತಿ ಕೂರುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಹೊಳೆಹೊನ್ನೂರು ರಸ್ತೆಯಲ್ಲಿ ಓಡಲು ಶುರುಮಾಡಿದೆ. ಮೂರನೆಯ ದಿನ, ಹುಲ್ಲಿನ ಗಾಡಿ ಹೊಡೆದುಕೊಂಡು ಭದ್ರಾವತಿಗೆ ಬರುತ್ತಿದ್ದ ಮುದುಕರೊಬ್ಬರು ಎತ್ತು ನಿಲ್ಲಿಸಿದರು.

"ಯಾರಪ್ಪ ಅಟ್ಟಿಸ್ಕೊಂಡು ಬರ್ತಿರೋದು?"

"ಯಾರೂ ಇಲ್ಲ ಅಜ್ಜ."

"ಮತ್ತೆ ಹೊಳೆಹೊನ್ನೂರಲ್ಲಿ ಅಂಥಾ ಅರ್ಜೆಂಟ್ ಏನು?"

"ಅಲ್ಲೀವರೆಗೂ ಹೋಗಲ್ಲ. ಅರ್ಧ ದಾರಿಗೆ ಹೋಗಿ ವಾಪಸ್ ಓಡ್ತೀನಿ."

ಅಜ್ಜ ನನ್ನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದರು. ದನಿ ಮೆತ್ತಗೆ ಮಾಡಿಕೊಂಡು, "ಬಾ ಮಾರಾಯ, ಗಾಡಿ ಹತ್ತು" ಅಂದರು. ಎಷ್ಟು ಬೇಡವೆಂದರೂ ರಟ್ಟೆ ಬಿಡಲಿಲ್ಲ. ಹುಲ್ಲಿನ ಮೇಲೆ ಕೂರಿಸಿ ಕ್ವಾರ್ಟರ್ಸಿನ ಬಾಗಿಲಿಗೇ ತಂದು ಇಳಿಸಿ, ನನ್ನ ಹೆಂಡತಿಗೆ ಹೇಳಿದರು: "ನೋಡ್ಕೊಳವ್ವ. ಬೆಳಿಗ್ಗೆ ಹೊತ್ತು ಬಾಗಿಲು ತೆಗೆದಿಡಬೇಡ."

ಸೀಟಿದೆ, ಬನ್ನಿ

ಸ್ಪರ್ಧೆಯ ದಿನ ಮೊದಲ ನಾಲ್ಕು ಮೈಲಿ ನಾನೇ ಓಡಿದೆ. ಆಮೇಲಿನದನ್ನು ಫಿಟ್ಟರನ ಮಾತು ಓಡಿಸಿತು. ಏಳನೆಯ ಮೈಲಿಯ ಹೊತ್ತಿಗೆ ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಆಗ ಶಿವಮೊಗ್ಗದ ಬಸ್ಸೊಂದು ಪಕ್ಕಕ್ಕೆ ಬಂದು ನನ್ನ ವೇಗಕ್ಕೇ ಇಳಿಯಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಹತ್ತಿ ಸ್ವಾಮಿ, ಸೀಟಿದೆ" ಅಂದ.

"ಹತ್ತೋ ಹಾಗಿಲ್ಲ ಕಣಯ್ಯ, ಇದು ಸ್ಪರ್ಧೆ."

"ಸಂಕೋಚ ಯಾಕೆ? ಮುಂದೆ ಹೋದ ಬಸ್ಸಲ್ಲಿ ನಿಮ್ಮ ಹಾಗೇ ಎದೆಗೆ ನಂಬರ್ ಕಟ್ಕೊಂಡೋರು ಐದು ಜನ ಹತ್ತಿದ್ರಲ್ಲ!"

ಕೊನೆಯ ಎರಡು ಫರ್ಲಾಂಗು

ಮೈದಾನಕ್ಕೆ ಎರಡು ಫರ್ಲಾಂಗು ಇರುವಾಗ, ದಾರಿಯಲ್ಲೇ ನನ್ನ ಹೆಂಡತಿಯ ತವರುಮನೆ. ಮಾವನವರು ನಿವೃತ್ತ ಶಿರಸ್ತೇದಾರರು. ಅವರು ಬೀದಿಯಲ್ಲಿ ಜೋರಾಗಿ ನಡೆದದ್ದನ್ನೂ ಯಾರೂ ಕಂಡಿರಲಿಲ್ಲ. ಅಳಿಯ ಚಡ್ಡಿ ಬನೀನಿನಲ್ಲಿ ಊರಿಂದೂರಿಗೆ ಓಡುತ್ತಾನೆ ಅಂತ ಅಂಥವರಿಗೆ ತಿಳಿಸುವ ಧೈರ್ಯ ನಮ್ಮಿಬ್ಬರಿಗೂ ಆಗಿರಲಿಲ್ಲ. ಹೆಂಡತಿ ಬೆಳಗಿನ ರೈಲಿಗೆ ಬಂದವಳು ತವರಿಗೆ ಹೋಗದೆ, ಪಾನಕದ ಚೊಂಬು ಹಿಡಿದು ಸೀದಾ ಮೈದಾನದಲ್ಲಿ ನಿಂತಿದ್ದಳು.

ತಲೆ ತಗ್ಗಿಸಿ ದಾಟಿಬಿಡೋಣ ಅಂದುಕೊಂಡೆ. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಕಂಡೇಬಿಟ್ಟರು. ಮೊರ ಕೈಜಾರಿತು.

"ಅಯ್ಯೋ ಶಿವನೇ, ಅಳಿಯಂದ್ರು! ಹೀಗ್ಯಾಕೆ ಓಡಿ ಬಂದ್ರಿ? ನನ್ನ ಮಗಳಿಗೇನಾಯ್ತು?"

ನನಗೆ ಮಾತಾಡಲು ಉಸಿರಿಲ್ಲ. "ಅವಳು... ಅಲ್ಲಿ..." ಅಂತ ಮುಂದಕ್ಕೆ ಕೈ ತೋರಿಸಿದೆ. ಆಸ್ಪತ್ರೆಯೂ ಅದೇ ದಿಕ್ಕಿಗಿದೆ ಅನ್ನುವುದು ಆಗ ಹೊಳೆಯಲಿಲ್ಲ.

ಅತ್ತೆ ಹೋ ಎಂದು ಅಳತೊಡಗಿದರು. ಪೇಪರ್ ಓದುತ್ತಿದ್ದ ಮಾವ ಎದ್ದರು, ಪಂಚೆ ಎತ್ತಿ ಕಟ್ಟಿದರು, ಜಗಲಿಯಿಂದ ಹಾರಿದರು. ಅರ್ಧ ಫರ್ಲಾಂಗಿನೊಳಗೆ ನನ್ನನ್ನು ಹಿಂದೆ ಹಾಕಿದರು. "ಮಾವಾ, ನಿಲ್ಲಿ, ಅವಳು ಚೆನ್ನಾಗಿದಾಳೆ" ಅಂತ ಕೂಗಹೋದೆ. "ಮಾವಾ" ಅನ್ನುವುದಷ್ಟೇ ಹೊರಬಂತು, ಅದೂ ಅಳುವಿನ ಹಾಗೆ. ಕೇಳಿ ಅವರು ಇನ್ನೂ ಜೋರು ಮಾಡಿದರು.

ಮೈದಾನದ ಗೇಟಿನಾಚೆ ಮಗಳು ನಿಂತಿದ್ದು ಕಂಡದ್ದೇ ತಡ, ಓಟ ಮುಗಿಯುವಲ್ಲಿ ಒಬ್ಬೊಬ್ಬರಿಗೂ ಹೊಸದಾಗಿ ಕಟ್ಟುತ್ತಿದ್ದ ದಾರವನ್ನು ಮಾವ ಹರಿದುಕೊಂಡು ಒಳಗೆ ನುಗ್ಗಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವಯಸ್ಸಿಗೆ ಭದ್ರಾವತಿಯಿಂದ ಓಡಿ ಬಂದ ಹಿರಿಯರು! ಯಾರೋ ಕೊರಳಿಗೆ ಹಾರ ಹಾಕಿದರು. ಅವರ ಹಿಂದೆಯೇ ನಾನು ಬಂದೆ. ನನ್ನತ್ತ ಯಾರೂ ನೋಡಲಿಲ್ಲ.

ಮಾವ ಮಗಳ ತಲೆ, ಕೈ ಎಲ್ಲ ಮುಟ್ಟಿ ನೋಡಿದರು. ನನಗೆಂದು ತಂದ ಪಾನಕವನ್ನು ಪೂರ್ತಿ ಕುಡಿದರು. ಅವಳು ಹೆದರುತ್ತ ಹೆದರುತ್ತ ಸಂಗತಿ ಹೇಳಿದಳು. ಇನ್ನು ನನ್ನ ಕಥೆ ಮುಗಿಯಿತು ಅಂತ ನೆಲ ನೋಡುತ್ತ ನಿಂತೆ. ಮಾವ ಹಾರ ಸರಿಮಾಡಿಕೊಂಡು, ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಹೇಳಿದರು:

"ಪಂಚೆ ಉಟ್ಕೊಂಡು ಓಡಬೇಕಿತ್ತು ಅಳಿಯಂದ್ರೆ. ಚಡ್ಡೀಲಿ ವೇಗ ಬರಲ್ಲ."